ಸಿಲ್ವರ್, ಹಲಸು ಒಂದೊಂದೇ ಒಣಗ್ತಿವೆ, ಅನುಭವ ಇದ್ದವರು ಹೇಳಿ

ಹಾನುಬಾಳು, ಸಕಲೇಶಪುರ ತಾಲ್ಲೂಕು:

ನಮ್ಮದು ಐದೂವರೆ ಎಕರೆ ಕಾಫಿ ತೋಟ. ಅಪ್ಪ ನೆರಳಿಗೆ ನೆಡಿಸಿದ ಸಿಲ್ವರ್ ಓಕ್ ಮರ, ಅದಕ್ಕೂ ಹಳೆಯ ಹಲಸು, ಅತ್ತಿ ಇವೆ. ಹೋದ ವರ್ಷದಿಂದ ಈಚೆಗೆ ಏಳು ಮರ ಹೋದವು. ನಾಲ್ಕು ತೋಟದ ರಸ್ತೆ ಅಂಚಿನವು, ಮೂರು ಕೆಳಗಿನ ಪಟ್ಟಿಯಲ್ಲಿ ಅಕ್ಕಪಕ್ಕದವು. ಮೊದಲು ತುದಿ ಒಣಗುತ್ತೆ, ಎಲೆ ಹಳದಿಯಾಗಿ ಉದುರುತ್ತೆ, ಆಮೇಲೆ ತೊಗಟೆ ತುಂಬ ಹುಳದ ತೂತು. ಅಂಗಡಿಯವರು ಕೊಟ್ಟ ಔಷಧಿ ಎರಡು ಸಲ ಹೊಡೆಸಿದೆ, ಪ್ರಯೋಜನ ಆಗಲಿಲ್ಲ. ಅಪ್ಪ ಕೈಯಾರೆ ನೀರು ಹಾಕಿ ಬೆಳೆಸಿದ ಮರಗಳು, ನೋಡಿದರೆ ಹೊಟ್ಟೆ ಉರಿಯುತ್ತೆ. ಎಲ್ಲಿಂದ ಹುಡುಕಲಿ?

ಮೂಡಿಗೆರೆ:

ಅಣ್ಣ, ಹುಳ ಬಿಟ್ಟುಬಿಡಿ. ಸೊರಗಿದ ಮರಕ್ಕೆ ಕಾಂಡ ಕೊರಕ, ಗೆದ್ದಲು ಎಲ್ಲ ಹಿಂದಿನಿಂದ ಬರ್ತವೆ. ಗುದ್ದಲಿ ತಗೊಂಡು ಬುಡಕ್ಕೆ ಹೋಗಿ. ಸತ್ತ ಮರದ ಬುಡ ಅಲ್ಲ, ಈಗಷ್ಟೇ ಹಳದಿ ತಿರುಗುತ್ತಿರೋ ಮರದ ಬುಡ. ಪೂರ್ತಿ ಸತ್ತಮೇಲೆ ಸಿಕ್ಕಸಿಕ್ಕ ಅಣಬೆಯೆಲ್ಲ ಹತ್ತಿರುತ್ತೆ, ಮೊದಲು ಬಂದಿದ್ದು ಯಾವುದು ಅಂತ ತಿಳಿಯೋದಿಲ್ಲ.

ನಮ್ಮಲ್ಲಿ ಆಗಿದ್ದು ಹೇಳ್ತೀನಿ. ಕಣದ ಪಕ್ಕದ ಅತ್ತಿಮರ ನೆರಳು ಜಾಸ್ತಿ ಅಂತ ಕಡಿಸಿ, ಬೊಡ್ಡೆ ಹಾಗೇ ಬಿಟ್ಟಿದ್ವಿ. ಮೂರ್ನಾಲ್ಕು ವರ್ಷ ಕಳೆದಮೇಲೆ ಬೊಡ್ಡೆ ಸುತ್ತಲಿನ ಕಾಫಿ ಗಿಡ ಸೊರಗಿದವು. ನೀರು ಸಾಲದು ಅಂದುಕೊಂಡೆ. ಮರುವರ್ಷ ಅದರಾಚೆಯ ಸಾಲು, ಆಮೇಲೆ ಎರಡು ಸಿಲ್ವರ್. ಮೇಲಿನ ಗುಡ್ಡದಿಂದ ನೋಡಿದರೆ ತೋಟದ ಮಧ್ಯೆ ಒಣಗಿದ ಒಂದು ವೃತ್ತ ಎದ್ದು ಕಾಣ್ತಿತ್ತು.

ಆಗ ಬೇರು ಅಗೆದೆ. ಹೆಬ್ಬೆರಳು ಗಾತ್ರದ ಒಂದು ತುಂಡು ತಂದು ಮನೆ ಹಿಂದಿನ ನಲ್ಲಿ ಕೆಳಗೆ ತಿಕ್ಕಿದೆ. ಮಣ್ಣು ಹೋಯಿತು, ಮರಳು ಮತ್ತು ಸಣ್ಣ ಕಲ್ಲು ಹೋಗಲಿಲ್ಲ. ಗಾರೆ ಹಾಕಿ ಅಂಟಿಸಿದ ಹಾಗೆ ಕೂತಿದ್ದವು. ಚಾಕುವಿನಲ್ಲಿ ಕೆರೆದರೆ ಕೆಳಗೆ ಕಂದು ಬಣ್ಣದ ಪದರ. ಬೇರು ಸೀಳಿದಾಗ ಒಳಗೆ ಕಂದು ಗೆರೆಗಳು ಜೇನುಗೂಡಿನ ತರ ಹೆಣೆದಿದ್ದವು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಒಯ್ದು ತೋರಿಸಿದೆ, ಕಂದು ಬೇರು ರೋಗ ಅಂದರು. ಬೇರು ತೊಳೆದಾಗ ಕೆಂಪು ಎಳೆಗಳು ಕಂಡರೆ ಅದು ಕೆಂಪು ಬೇರು ರೋಗ, ಬೇರೆ ಜಾತಿಯದು. ಎರಡೂ ಶಿಲೀಂಧ್ರಗಳೇ. ಹಳೆ ಬೊಡ್ಡೆಯಲ್ಲಿ ಮನೆ ಮಾಡಿಕೊಂಡು, ಬೇರಿಗೆ ಬೇರು ತಾಗಿದ ಕಡೆಯಿಂದ ಪಕ್ಕದ ಗಿಡಕ್ಕೆ ದಾಟುತ್ತವೆ. ಎಲೆಗೆ ಏನು ಹೊಡೆದರೂ ಅಲ್ಲಿಗೆ ತಲುಪೋದಿಲ್ಲ.

ಮಾಡಿದ್ದಿಷ್ಟು: ಬೊಡ್ಡೆ, ಸತ್ತ ಗಿಡ, ಸಿಕ್ಕಷ್ಟು ಬೇರು ಕಿತ್ತು ಅಲ್ಲೇ ಸುಟ್ಟೆವು. ಚೆನ್ನಾಗಿ ಕಾಣುವ ಒಂದು ಸಾಲನ್ನೂ ಒಳಗೆ ಸೇರಿಸಿಕೊಂಡು ಸುತ್ತ 2 ಅಡಿ ಆಳ, 1 ಅಡಿ ಅಗಲದ ಕಂದಕ ಹೊಡೆಸಿದೆವು. ಅಗೆದ ಮಣ್ಣು ರೋಗದ ಕಡೆಗೇ ಬೀಳಬೇಕು, ಇದನ್ನ ಆಳುಗಳಿಗೆ ನಿಂತು ಹೇಳಿ. ಒಳಗಡೆ ಸುಣ್ಣ ಹಾಕಿದೆವು. ಆ ಸಾಲಿನಲ್ಲಿ ಕೆಲವು ಗಿಡ ಹೋದವು, ಕಂದಕ ದಾಟಿ ಆಚೆ ಬರಲಿಲ್ಲ.

ಈಗ ಯಾವ ನೆರಳು ಮರ ತೆಗೆಯಬೇಕಾದರೂ ಒಂದೆರಡು ವರ್ಷ ಮೊದಲೇ ಬುಡದ ಸುತ್ತ ತೊಗಟೆ ಸುಲಿಸಿ ಬಿಡ್ತೀನಿ. ಬೇರಿನಲ್ಲಿ ಕೂಡಿಟ್ಟ ಪಿಷ್ಟ ಖರ್ಚಾಗಿಬಿಟ್ಟರೆ ರೋಗಕ್ಕೆ ಅಲ್ಲಿ ತಿನ್ನೋಕೆ ಸಿಗಲ್ಲ. ನಿಮ್ಮ ಕೆಳಗಿನ ಪಟ್ಟಿಯಲ್ಲಿ ಹಳೆ ಬೊಡ್ಡೆ ಇದೆಯಾ ನೋಡಿ. ಇನ್ನೊಂದು, ಬೀಟೆ, ನಂದಿಯಂಥ ಕಾಡು ಜಾತಿ ಮರ ಒಣಗಿದ್ದರೂ ಅರಣ್ಯ ಇಲಾಖೆಗೆ ಅರ್ಜಿ ಕೊಡದೆ ಕೊಡಲಿ ಹಾಕಿಸಬೇಡಿ.

ಬೇಲೂರು:

ರಸ್ತೆ ಅಂಚಿನ ನಾಲ್ಕು ಮರ ಬೇರೆ ಕಥೆ ಇರಬಹುದು. ಆ ರಸ್ತೆ ಯಾವಾಗ ಮಾಡಿಸಿದ್ದು? ನಾವು ಮನೆ ಕಟ್ಟುವಾಗ ಜೆಸಿಬಿಯವರು ಅಂಗಳ ಮಟ್ಟ ಮಾಡಿ, ಉಳಿದ ಮಣ್ಣನ್ನ ಅಜ್ಜನ ಕಾಲದ ಮಾವಿನ ಬುಡಕ್ಕೆ ಎರಡಡಿ ಏರಿಸಿ ಹೋದರು. ಬುಡಕ್ಕೆ ಮಣ್ಣು ಬಿದ್ದರೆ ಒಳ್ಳೇದೇ ಅಂತ ನಾವೂ ಸುಮ್ಮನಾದೆವು. ಮೂರನೇ ವರ್ಷ ಮರ ಹೋಯಿತು. ಆಹಾರ ಎಳೆಯುವ ಬೇರೆಲ್ಲ ಮೇಲಿನ ಒಂದೆರಡು ಅಡಿಯಲ್ಲೇ ಇರೋದು, ಮೇಲೆ ಮಣ್ಣು ಬಿದ್ದರೆ ಅವಕ್ಕೆ ಉಸಿರಿಲ್ಲ. ಚೆನ್ನಾಗಿರೋ ಮರದ ಬುಡ ನೆಲ ಸೇರುವಲ್ಲಿ ಅಗಲವಾಗಿ ಬೇರು ಚಾಚಿರುತ್ತೆ. ಕಂಬ ಹುಗಿದ ಹಾಗೆ ನೇರ ಕಂಡರೆ ಮಣ್ಣು ಏರಿದೆ ಅಂತ ಲೆಕ್ಕ. ರಸ್ತೆಯಿಂದ ಬಸಿಗಾಲುವೆ ಮುಚ್ಚಿಹೋಗಿದ್ದರೆ ಮಳೆಗಾಲದಲ್ಲಿ ನೀರು ನಿಂತೂ ಬೇರು ಕೊಳೆಯುತ್ತೆ.

ಅರಸೀಕೆರೆ:

ನಮ್ಮದು ತೆಂಗು, ಆದರೂ ಹೇಳ್ತೀನಿ. ಅಣಬೆ ರೋಗದಲ್ಲಿ ಬುಡದಿಂದ ಕೆಂಪು ಮಿಶ್ರಿತ ಕಂದು ರಸ ಸೋರುತ್ತೆ, ಕೆಳಗಿನ ಗರಿ ಜೋತುಬೀಳುತ್ತೆ, ಅಣಬೆ ಏಳೋದು ಕೊನೆಗೆ. ನಾವು ಅಣಬೆ ಕಾಣಲಿ ಅಂತ ಕಾದು ಹನ್ನೊಂದು ಮರ ಕಳಕೊಂಡೆವು. ಮರದಿಂದ ಮರಕ್ಕೆ ಹಾಯಿ ನೀರು ಬಿಡೋದು ನಿಲ್ಲಿಸಿ, ಟ್ರೈಕೋಡರ್ಮ (ರೋಗದ ಶಿಲೀಂಧ್ರವನ್ನ ತಡೆಯುವ ಒಳ್ಳೇ ಶಿಲೀಂಧ್ರ) ಬೆರೆಸಿದ ಬೇವಿನ ಹಿಂಡಿ ಮರಕ್ಕೆ 5 ಕೆಜಿಯಂತೆ ಕೊಟ್ಟಮೇಲೆ ಅಕ್ಕಪಕ್ಕದವು ಉಳಿದಿವೆ. ಬುಡ ನೋಡೋಕೆ ತಡ ಮಾಡಬೇಡಿ.

ಹಾನುಬಾಳು:

ನಾಲ್ಕು ದಿನದಿಂದ ಅಗೆದು ನೋಡಿದೆ. ಕೆಳಗಿನ ಪಟ್ಟಿಯಲ್ಲಿ ಅಪ್ಪ ಕಡಿಸಿದ್ದ ಹಲಸಿನ ಬೊಡ್ಡೆ ಕಾಫಿ ಗಿಡದ ಮರೆಯಲ್ಲಿತ್ತು. ಪಕ್ಕದ ಸಿಲ್ವರ್ ಬೇರು ತೊಳೆದರೆ ಕಲ್ಲು ಬಿಡಲೇ ಇಲ್ಲ, ಮೂಡಿಗೆರೆಯವರು ಬರೆದ ಹಾಗೇ.

ರಸ್ತೆ ಅಂಚಿನ ಬೇರಿನಲ್ಲಿ ಅಂಥದ್ದೇನೂ ಇಲ್ಲ. 2019ರ ಮಳೆಯಲ್ಲಿ ಧರೆ ಕುಸಿದಮೇಲೆ ರಸ್ತೆ ಅಗಲ ಮಾಡಿಸಿ, ಮಣ್ಣೆಲ್ಲ ಕೆಳಗಡೆ ತಳ್ಳಿಸಿದ್ದು ನಾನೇ. ಒಂದೂವರೆ ಅಡಿ ಅಗೆದಮೇಲೆ ಮೂಲ ಬುಡ ಸಿಕ್ಕಿತು, ತೊಗಟೆ ಬೆರಳಲ್ಲಿ ಒತ್ತಿದರೆ ನೀರು ಒಸರಿ ಹುಳಿ ವಾಸನೆ. ಅದೇ ಸಾಲಿನ ಐದನೇ ಮರ ಉಗುರಲ್ಲಿ ಕೆರೆದರೆ ಇನ್ನೂ ಹಸಿರಿದೆ. ಬೇರಿಗೆ ಪೆಟ್ಟಾಗದಂತೆ ಕೈಯಲ್ಲೇ ಮಣ್ಣು ಬಿಡಿಸಿದ್ದೇನೆ. ಬೇರಿನ ತುಂಡು ಕಟ್ಟಿಟ್ಟಿದ್ದೇನೆ, ಸೋಮವಾರ ಬಾಳೆಹೊನ್ನೂರಿಗೆ ಹೋಗ್ತೀನಿ. ಕಂದಕಕ್ಕೆ ನಾಳೆ ಇಬ್ಬರು ಬರ್ತಾರೆ, ಮಣ್ಣು ಒಳಗಡೆಗೇ ಹಾಕಿಸ್ತೀನಿ.