ಮಾತ್ರೆ ಶುರುವಾಗಿದೆ, ಮನಸ್ಸು ಇನ್ನೂ ಹಾಗೇ ಇದೆ: ನಡುವಿನ ಈ ವಾರಗಳಲ್ಲಿ ಏನು ಮಾಡೋದು?

ಪ್ರಶ್ನೆ (ಹೆಸರು ಬೇಡ ಎಂದಿದ್ದಾರೆ):
ಡಾಕ್ಟ್ರೇ, ನನಗೆ 27 ವರ್ಷ. ನಾಲ್ಕು ಜನರ ಎದುರು ಬಾಯಿ ಬಿಡುವುದು ಶಾಲೆಯ ದಿನಗಳಿಂದಲೂ ಕಷ್ಟ. ಆಫೀಸಿನಲ್ಲಿ ಮೀಟಿಂಗ್ ಇದೆ ಅಂದರೆ ಹಿಂದಿನ ರಾತ್ರಿಯಿಂದಲೇ ಎದೆ ಡವಡವ. ಈಗ ಕೆಲವು ತಿಂಗಳಿಂದ ಯಾವುದರಲ್ಲೂ ಮನಸ್ಸಿಲ್ಲ, ಸ್ನಾನ ಮಾಡುವುದೂ ದೊಡ್ಡ ಕೆಲಸ ಅನ್ನಿಸುತ್ತದೆ. ಸೋಶಿಯಲ್ ಆಂಗ್ಸೈಟಿ, ಡಿಪ್ರೆಶನ್ ಎರಡೂ ಇದೆ ಅಂತ ಹೇಳಿ ಮನೋವೈದ್ಯರು ಎಸ್ಸಿಟಾಲೊಪ್ರಾಮ್ ಬರೆದುಕೊಟ್ಟಿದ್ದಾರೆ. ಹತ್ತು ಹನ್ನೆರಡು ದಿನ ಆಯಿತು. ಗುಣ ಏನೂ ಕಾಣಲಿಲ್ಲ, ಹೊಟ್ಟೆ ತೊಳೆಸುವುದು ಮತ್ತು ಚಡಪಡಿಕೆ ಮಾತ್ರ ಜಾಸ್ತಿ ಆಗಿದೆ. ಮುಂದಿನ ಭೇಟಿಗೆ ಇನ್ನೂ ಸಮಯ ಇದೆ. ಅಲ್ಲಿವರೆಗೆ ರಜೆ ಹಾಕಿ ಮನೆಯಲ್ಲೇ ಇದ್ದುಬಿಡಲಾ? ಈ ಮಾತ್ರೆ ನನಗೆ ಆಗಿಬರುತ್ತಿಲ್ಲ ಅಂತ ತಿಳಿಯಬೇಕಾ?

ಉತ್ತರ (ಮನೋವೈದ್ಯೆ):
ಇಷ್ಟು ಬೇಗ ಆ ತೀರ್ಮಾನಕ್ಕೆ ಬರಬೇಡಿ. ಎಸ್ಸಿಟಾಲೊಪ್ರಾಮ್ ಗುಂಪಿನ ಮಾತ್ರೆಗಳಲ್ಲಿ ತೊಂದರೆ ಮೊದಲು ಬರುತ್ತದೆ, ಗುಣ ಆಮೇಲೆ. ವಾಕರಿಕೆ, ತಲೆನೋವು, ಭೇದಿ, ನಿದ್ದೆ ಕೆಡುವುದು, ಒಳಗೊಳಗೇ ಚಡಪಡಿಕೆ, ಇವೆಲ್ಲ ಮೊದಲ ಒಂದೆರಡು ವಾರ ಸಾಮಾನ್ಯ. ಹೆಚ್ಚಿನವರಲ್ಲಿ ತಾವಾಗಿಯೇ ತಗ್ಗುತ್ತವೆ. ಊಟ ಆದ ಮೇಲೆ ಮಾತ್ರೆ ತಗೊಂಡರೆ ಹೊಟ್ಟೆಗೆ ಸ್ವಲ್ಪ ಹಿತ. ನಿದ್ದೆ ಕೆಡುತ್ತಿದ್ದರೆ ಬೆಳಿಗ್ಗೆ ತಗೊಳ್ಳಬಹುದಾ ಅಂತ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಕಾಫಿ, ಟೀ ಸದ್ಯಕ್ಕೆ ಕಡಿಮೆ ಮಾಡಿ, ಅವು ಚಡಪಡಿಕೆಯನ್ನು ಇನ್ನೂ ಏರಿಸುತ್ತವೆ.

ಇಷ್ಟು ತಡ ಯಾಕೆ? ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಮೆದುಳಿನ ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಅನ್ನುವ ರಾಸಾಯನಿಕ ಹೆಚ್ಚತೊಡಗುತ್ತದೆ. ಆದರೆ ಆ ಕೋಶಗಳಿಗೆ ತಮ್ಮದೇ ಒಂದು ಬ್ರೇಕ್ ಇದೆ. ಸೆರೊಟೋನಿನ್ ಜಾಸ್ತಿಯಾಯಿತು ಅಂತ ಗೊತ್ತಾದ ಕೂಡಲೇ ಅವು ತಮ್ಮ ಕೆಲಸ ತಗ್ಗಿಸುತ್ತವೆ. ಆ ಬ್ರೇಕ್ ಸಡಿಲವಾಗುವುದಕ್ಕೆ ವಾರಗಳು ಬೇಕು. ತಡವಾಗುವುದಕ್ಕೆ ಇದೊಂದು ಮುಖ್ಯ ಕಾರಣ ಅನ್ನುವುದು ನಮ್ಮ ಶಾಸ್ತ್ರದ ವಿವರಣೆ. ಡಿಪ್ರೆಶನ್ನಿಗೆ ನಾಲ್ಕರಿಂದ ಆರು ವಾರ ಕಾಯಬೇಕು. ಜನರ ಭಯ ಇನ್ನೂ ನಿಧಾನ, ಎಂಟರಿಂದ ಹನ್ನೆರಡು ವಾರವೂ ಹಿಡಿಯಬಹುದು.

ನನ್ನ ಹತ್ತಿರ ಬರುವ ಬಹಳ ಮಂದಿ ಇಲ್ಲೇ ಎಡವುತ್ತಾರೆ. ನಿಧಾನಕ್ಕೆ ಹೋಗುವ ಭಯವನ್ನೇ ಅಳತೆಗೋಲು ಮಾಡಿಕೊಳ್ಳುತ್ತಾರೆ. ‘ಮೀಟಿಂಗಿನಲ್ಲಿ ಇವತ್ತೂ ಕೈ ನಡುಗಿತು, ಅಂದರೆ ಮಾತ್ರೆ ದಂಡ’ ಅನ್ನುತ್ತಾರೆ. ಹಾಗೆ ಅಳೆಯಬೇಡಿ. ಮೊದಲು ಬದಲಾಗುವುದು ಸಣ್ಣ ಸಂಗತಿಗಳು: ನಿದ್ದೆ, ಹಸಿವು, ಸಿಡುಕು. ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುವುದು ತುಸು ಹಗುರವಾಗಬಹುದು. ಇದು ನಿಮಗಿಂತ ಮೊದಲು ಮನೆಯವರ ಕಣ್ಣಿಗೆ ಬೀಳುವುದೂ ಉಂಟು. ವಾರಕ್ಕೊಂದು ಸಲ, ಒಂದೇ ದಿನ, ನಿದ್ದೆ, ಮನಸ್ಸು, ಭಯ ಮೂರಕ್ಕೂ ಹತ್ತರಲ್ಲಿ ಇಷ್ಟು ಅಂತ ಬರೆದಿಡಿ. ದಿನಾ ಬರೆಯಬೇಡಿ. ದಿನಾ ಬರೆಯುವವರು ದಿನಾ ತಮ್ಮನ್ನೇ ಕೆದಕುತ್ತಾ ಕೂರುತ್ತಾರೆ.

ಇನ್ನು ರಜೆ. ಒಂದೆರಡು ದಿನ ದೇಹ ತಾಳದಿದ್ದರೆ ಹಾಕಿ, ತಪ್ಪಿಲ್ಲ. ‘ಮಾತ್ರೆ ಕೆಲಸ ಮಾಡುವವರೆಗೆ’ ಅಂತ ಮಾತ್ರ ಹಾಕಬೇಡಿ. ನಿಮ್ಮ ಎರಡು ಕಾಯಿಲೆಗಳೂ ಮನೆಯೊಳಗಿನ ಕತ್ತಲ ಕೋಣೆಯಲ್ಲಿ ಚೆನ್ನಾಗಿ ಬೆಳೆಯುತ್ತವೆ. ಜನರನ್ನು ತಪ್ಪಿಸಿದಷ್ಟೂ ಭಯಕ್ಕೆ ಬಲ ಬರುತ್ತದೆ. ಏನೂ ಮಾಡದೆ ಮಲಗಿದಷ್ಟೂ ಡಿಪ್ರೆಶನ್ ಆಳಕ್ಕೆ ಇಳಿಯುತ್ತದೆ. ಮನಸ್ಸು ಬಂದಮೇಲೆ ಮಾಡೋಣ ಅಂತ ಕೂತರೆ ಆ ಮನಸ್ಸು ಬರುವುದೇ ಇಲ್ಲ. ಈ ಕಾಯಿಲೆಯಲ್ಲಿ ಕೆಲಸ ಮೊದಲು, ಮನಸ್ಸು ಹಿಂದಿನಿಂದ ಬರುತ್ತದೆ.

ಕೆಲಸ ಅಂದರೆ ದೊಡ್ಡದೇನಲ್ಲ. ದಿನಾ ಒಂದೇ ಹೊತ್ತಿಗೆ ಏಳಿ. ಸ್ನಾನ ಆಗದಿದ್ದರೆ ಮುಖವಾದರೂ ತೊಳೆಯಿರಿ. ಹತ್ತು ನಿಮಿಷ ಹೊರಗೆ ಬೆಳಕಿನಲ್ಲಿ ನಡೆಯಿರಿ. ಆನಂತರ ‘ಖುಷಿ ಆಯಿತಾ’ ಅಂತ ಕೇಳಿಕೊಳ್ಳಬೇಡಿ, ಸದ್ಯಕ್ಕೆ ಆಗುವುದಿಲ್ಲ. ಮಾಡಿದಿರಾ ಇಲ್ಲವಾ, ಅಷ್ಟೇ ಲೆಕ್ಕ.

ಮರುಪ್ರಶ್ನೆ (ಅವರೇ):
ಥ್ಯಾಂಕ್ಸ್ ಮೇಡಂ. ಮನೆಯಲ್ಲಿ ಇದನ್ನೆಲ್ಲ ಹೇಗೋ ಮಾಡುತ್ತೇನೆ. ಮೀಟಿಂಗಿಗೆ ಏನು ಮಾಡಲಿ? ಮಾತಾಡಬೇಕಾದ್ದನ್ನು ಹತ್ತಾರು ಸಲ ಮನಸ್ಸಿನಲ್ಲೇ ಹೇಳಿಕೊಂಡು ಹೋಗುತ್ತೇನೆ. ಆದರೂ ಎಲ್ಲರೂ ನನ್ನ ನಡುಕವನ್ನೇ ನೋಡುತ್ತಿದ್ದಾರೆ ಅನ್ನಿಸುತ್ತದೆ. ಮನೆಗೆ ಬಂದ ಮೇಲೆ ರಾತ್ರಿಯಿಡೀ ಅದೇ ರೀಲ್ ಓಡುತ್ತದೆ.

ಉತ್ತರ:
ಹತ್ತಾರು ಸಲ ಹೇಳಿಕೊಳ್ಳುವುದನ್ನೇ ಮೊದಲು ಬಿಡಬೇಕು. ಹೇಳಬೇಕಾದ ಎರಡು ಅಂಶ ಚೀಟಿಯಲ್ಲಿ ಬರೆದುಕೊಳ್ಳಿ, ಸಾಕು. ಮೊದಲೇ ಬಾಯಿಪಾಠ ಮಾಡುವುದು, ತಲೆ ತಗ್ಗಿಸಿ ಫೋನ್ ನೋಡುವುದು, ಬಾಗಿಲ ಪಕ್ಕದ ಕುರ್ಚಿ ಹಿಡಿಯುವುದು, ಕೈ ನಡುಗುವುದು ಕಾಣಬಾರದು ಅಂತ ಲೋಟವನ್ನು ಬಿಗಿಯಾಗಿ ಹಿಡಿಯುವುದು, ಇವೆಲ್ಲ ಭಯದಿಂದ ಪಾರಾಗಲು ನಾವು ಕಟ್ಟಿಕೊಂಡ ಊರುಗೋಲುಗಳು. ಆ ಹೊತ್ತಿಗೆ ಸಮಾಧಾನ ಕೊಡುತ್ತವೆ. ಆದರೆ ‘ಇದಿಲ್ಲದಿದ್ದರೆ ಇವತ್ತು ಮಾನ ಹೋಗುತ್ತಿತ್ತು’ ಅನ್ನುವ ನಂಬಿಕೆಯನ್ನೂ ಗಟ್ಟಿ ಮಾಡುತ್ತವೆ. ಮೀಟಿಂಗಿಗೆ ಒಂದರಂತೆ ಬಿಟ್ಟು ನೋಡಿ. ಎಲ್ಲವನ್ನೂ ಒಟ್ಟಿಗೆ ಬಿಡುವ ಧೈರ್ಯ ಬೇಡ.

ಎರಡನೆಯದು ಗಮನ. ನಿಮ್ಮ ಕಣ್ಣು ಹೊರಗಿದ್ದರೂ ಮನಸ್ಸು ಒಳಗಿದೆ: ಎದೆ ಬಡಿತ, ಬೆವರು, ದನಿ. ಒಳಗೆ ಅನ್ನಿಸಿದ್ದೆಲ್ಲ ಹೊರಗೂ ಕಾಣುತ್ತಿದೆ ಅಂತ ತಿಳಿಯುತ್ತೀರಿ. ನಿಜಕ್ಕೂ ಕಾಣುವುದು ಅದರ ಒಂದು ಪಾಲು ಮಾತ್ರ. ಮಾತಾಡುತ್ತಿರುವವರು ಏನು ಹೇಳುತ್ತಿದ್ದಾರೆ ಅನ್ನುವುದಕ್ಕೆ ಕಿವಿ ಕೊಡಿ. ಮನಸ್ಸು ಜಾರುತ್ತದೆ, ಮತ್ತೆ ತನ್ನಿ. ಇದು ಅಭ್ಯಾಸ, ಮೊದಲ ಮೀಟಿಂಗಿಗೇ ಕೈಗೆ ಸಿಗುವುದಿಲ್ಲ.

ರಾತ್ರಿಯ ರೀಲ್ ಈ ಕಾಯಿಲೆಯ ಗುರುತುಗಳಲ್ಲೊಂದು. ಅದರ ಜೊತೆ ವಾದಕ್ಕೆ ಇಳಿಯಬೇಡಿ. ‘ಓ, ಶುರುವಾಯಿತು’ ಅಂತ ಗುರುತಿಸಿ, ಎದ್ದು ಕೈಗೆ ಏನಾದರೂ ಕೆಲಸ ಕೊಡಿ. ಇದನ್ನೆಲ್ಲ ಕ್ರಮವಾಗಿ ಕಲಿಸುವುದೇ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ. ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2013ರ ತನ್ನ ಮಾರ್ಗಸೂಚಿಯಲ್ಲಿ ದೊಡ್ಡವರ ಸೋಶಿಯಲ್ ಆಂಗ್ಸೈಟಿಗೆ ಮಾತ್ರೆಗಿಂತ ಮೊದಲು ಇದನ್ನೇ ಹೇಳಿದೆ. ಮಾತ್ರೆಯ ಜೊತೆಗೇ ಶುರು ಮಾಡಬಹುದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಮಾತ್ರೆ ಹತ್ತಲಿ ಅಂತ ಕಾಯಬೇಕಿಲ್ಲ.

ಮತ್ತೊಬ್ಬ ಸದಸ್ಯರು:
ಮೇಡಂ, ನನಗೂ ಇದೇ ಕಥೆ. ಗೆಳೆಯನ ಹತ್ತಿರ ಅಲ್ಪ್ರಜೋಲಾಮ್ ಇದೆ. ಮೀಟಿಂಗ್ ದಿನ ಅರ್ಧ ತಗೊಂಡರೆ ಆಗಲ್ವಾ? ಇಲ್ಲಾಂದ್ರೆ ಸಂಜೆ ಒಂದು ಪೆಗ್?

ಉತ್ತರ:
ಎರಡೂ ಬೇಡ. ಆತಂಕ ತಗ್ಗಿಸುವ ಅಲ್ಪ್ರಜೋಲಾಮ್ ಅಂಥ ಮಾತ್ರೆ ಬೇಗ ಕೆಲಸ ಮಾಡುತ್ತದೆ, ಅದಕ್ಕೇ ಬೇಗ ಅಂಟಿಕೊಳ್ಳುತ್ತದೆ. ಕೆಲವೊಮ್ಮೆ ನಾವೂ ಸ್ವಲ್ಪ ದಿನಕ್ಕೆ ಕೊಡುತ್ತೇವೆ, ಆದರೆ ಲೆಕ್ಕ ಇಟ್ಟು, ನಿಲ್ಲಿಸುವ ದಿನವನ್ನೂ ಮೊದಲೇ ಹೇಳಿ. ಅದರ ಜೊತೆ ಮದ್ಯ ಸೇರಿದರೆ ಉಸಿರಾಟಕ್ಕೇ ಕುತ್ತು ಬರಬಹುದು. ಮದ್ಯ ಒಂದೇ ಆದರೂ ಸಂಜೆ ಹಗುರ ಅನ್ನಿಸಿ, ಮಾರನೇ ದಿನ ಆತಂಕವನ್ನೂ ಮಂಕನ್ನೂ ಜಾಸ್ತಿ ಮಾಡುತ್ತದೆ. ಪ್ರೊಪ್ರನೊಲೋಲ್ ಬಗ್ಗೆಯೂ ಯಾರೋ ಹೇಳಿರುತ್ತಾರೆ. ಅದು ನಡುಕ, ಎದೆಬಡಿತ ತಗ್ಗಿಸುತ್ತದೆ ನಿಜ, ಆದರೆ ಅಸ್ತಮಾ ಇದ್ದವರಿಗೆ ಅಪಾಯ. ಗೆಳೆಯನ ಡಬ್ಬಿಯಿಂದ ಯಾವುದೂ ಬೇಡ. ಒಂದು ಮಾತು ಎಲ್ಲರಿಗೂ: ಎಸ್ಸಿಟಾಲೊಪ್ರಾಮ್ ಥರದ ಮಾತ್ರೆ ನಡೆಯುತ್ತಿದ್ದರೆ ನೋವಿನ ಮಾತ್ರೆ ತಗೊಳ್ಳುವಾಗಲೂ ಕೇಳಿ. ಐಬುಪ್ರೊಫೆನ್ ಜೊತೆ ರಕ್ತಸ್ರಾವದ ಸಾಧ್ಯತೆ ಹೆಚ್ಚುತ್ತದೆ, ಟ್ರಮಡಾಲ್ ಜೊತೆ ಸೆರೊಟೋನಿನ್ ವಿಪರೀತ ಏರಬಹುದು.

ಇನ್ನೊಬ್ಬರು (ಅಕ್ಕ):
ನನ್ನ ತಮ್ಮನಿಗೆ 20. ಇದೇ ಥರದ ಮಾತ್ರೆ ಶುರುವಾಗಿದೆ. ಮೊದಲು ಸುಮ್ನೆ ಮಲಗಿರುತ್ತಿದ್ದ. ಈಗ ಓಡಾಡುತ್ತಾನೆ, ಆದರೆ ರಾತ್ರಿ ನಿದ್ದೆ ಇಲ್ಲ, ಕೂತಲ್ಲಿ ಕೂರುವುದಿಲ್ಲ, ಸಣ್ಣದಕ್ಕೂ ರೇಗುತ್ತಾನೆ. ಇದು ಗುಣವಾಗುವ ಲಕ್ಷಣವಾ?

ಉತ್ತರ:
ನೀವು ಇವತ್ತೇ ಅವನ ಡಾಕ್ಟರಿಗೆ ಫೋನ್ ಮಾಡಿ. ಮುಂದಿನ ಭೇಟಿವರೆಗೆ ಕಾಯಬೇಡಿ.

ಸ್ವಲ್ಪ ಚಡಪಡಿಕೆ ಬೇರೆ, ನೀವು ಹೇಳುತ್ತಿರುವುದು ಬೇರೆ. 25ಕ್ಕಿಂತ ಕಡಿಮೆ ವಯಸ್ಸಿನ ಕೆಲವರಲ್ಲಿ ಈ ಮಾತ್ರೆಗಳ ಆರಂಭದಲ್ಲಿ, ಇಲ್ಲವೇ ಡೋಸ್ ಬದಲಾದಾಗ, ಸಾಯುವ ಯೋಚನೆ ಹೆಚ್ಚಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಎಚ್ಚರಿಕೆಯನ್ನು 2004ರಲ್ಲಿ ಮಕ್ಕಳಿಗೆ ಅಂತ ಹಾಕಿಸಿತು, 2007ರಲ್ಲಿ 24 ವರ್ಷದವರೆಗಿನವರಿಗೂ ಸೇರಿಸಿತು. ಡಿಪ್ರೆಶನ್ನಿನಲ್ಲಿ ಕೈಕಾಲಿನ ಶಕ್ತಿ ಮೊದಲು ಬಂದು, ಮನಸ್ಸಿನ ನೋವು ಆಮೇಲೆ ಇಳಿಯುವುದೂ ಉಂಟು. ಆ ನಡುವಿನ ದಿನಗಳಲ್ಲಿ ಕಣ್ಣಿಡಬೇಕು. ನಿದ್ದೆಯೇ ಇಲ್ಲದೆ ಅತಿ ಉತ್ಸಾಹ, ನಿಲ್ಲದ ಮಾತು, ಮಿತಿಮೀರಿದ ಖರ್ಚು ಕಂಡರೆ ಅದನ್ನೂ ಹೇಳಿ. ಅದು ಬೈಪೋಲಾರ್ (ಮನಸ್ಸು ಅತಿ ಉತ್ಸಾಹ ಮತ್ತು ಡಿಪ್ರೆಶನ್ ನಡುವೆ ತೂಗುವ ಕಾಯಿಲೆ) ಇರಬಹುದು, ಅದರ ಚಿಕಿತ್ಸೆಯೇ ಬೇರೆ.

ಅವನ ಹತ್ತಿರ ನೇರವಾಗಿ ಕೇಳಿ: ‘ಸಾಯಬೇಕು ಅಂತ ಅನ್ನಿಸುತ್ತಾ?’ ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೂಂ ಅಂದರೆ ಒಬ್ಬನನ್ನೇ ಬಿಡಬೇಡಿ, ಮಾತ್ರೆಗಳೆಲ್ಲ ನಿಮ್ಮ ಕೈಯಲ್ಲಿರಲಿ, ಕೂಡಲೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಡಾಕ್ಟರು ಹೇಳಿದಂತೆ ಮಾಡಿ.

ಮತ್ತೊಬ್ಬರು:
ನನಗೆ ಒಂಬತ್ತು ವಾರ ಆಯಿತು. ಏನೂ ಬದಲಾಗಿಲ್ಲ. ಬಿಟ್ಟುಬಿಡಲಾ?

ಉತ್ತರ:
ಡಾಕ್ಟರನ್ನು ಬಿಡಬೇಡಿ. ಮೊದಲ ಮಾತ್ರೆಯಲ್ಲೇ ಪೂರ್ತಿ ಗುಣ ಕಾಣದವರು ಬಹಳ ಮಂದಿ ಇದ್ದಾರೆ. ಸ್ಟಾರ್-ಡಿ ಅನ್ನುವ ದೊಡ್ಡ ಅಧ್ಯಯನದಲ್ಲಿ ಮೊದಲ ಮಾತ್ರೆಯಿಂದ ಡಿಪ್ರೆಶನ್ ಪೂರ್ತಿ ಇಳಿದದ್ದು ಸುಮಾರು ಮೂರರಲ್ಲಿ ಒಬ್ಬರಿಗೆ. ಉಳಿದವರಲ್ಲಿ ಬಹಳಷ್ಟು ಮಂದಿಗೆ ಆಮೇಲಿನ ಬದಲಾವಣೆಗಳಿಂದ ಉಪಯೋಗವಾಯಿತು.

ಭೇಟಿಗೆ ಹೋಗುವಾಗ ಹೇಳಬೇಕಾದದ್ದು ಇಷ್ಟು: ಈಗಿನ ಡೋಸ್ ಎಷ್ಟು, ಎಷ್ಟು ಸಲ ತಪ್ಪಿಸಿದಿರಿ (ತಪ್ಪಿದ್ದಕ್ಕೆ ಮಾರನೇ ದಿನ ಎರಡು ನುಂಗಬಾರದು), ಬೇರೆ ಏನು ತಗೊಳ್ಳುತ್ತೀರಿ, ನಿದ್ದೆ ಮತ್ತು ಲೈಂಗಿಕ ತೊಂದರೆ. ಕೊನೆಯದನ್ನು ನಾಚಿಕೆಯಿಂದ ಯಾರೂ ಹೇಳುವುದಿಲ್ಲ, ಆಮೇಲೆ ಅದಕ್ಕೇ ಮಾತ್ರೆ ಬಿಡುತ್ತಾರೆ. ಥೈರಾಯ್ಡ್ ಪರೀಕ್ಷೆ ಆಗಿದೆಯಾ ಅಂತಲೂ ಕೇಳಿ. ಡೋಸ್ ಏರಿಸುವುದಾ, ಮಾತ್ರೆ ಬದಲಿಸುವುದಾ, ಸಿಬಿಟಿ ಸೇರಿಸುವುದಾ ಅಂತ ಅವರು ನೋಡುತ್ತಾರೆ. ಏಕಾಏಕಿ ನಿಲ್ಲಿಸಿದರೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂತೆ ಝುಂ ಅನ್ನುವುದು, ಸಿಟ್ಟು ಬರಬಹುದು. ಅದನ್ನೇ ಕಾಯಿಲೆ ಮರಳಿತು ಅಂತ ತಿಳಿದು ಹೆದರುವವರು ಇದ್ದಾರೆ. ನಿಲ್ಲಿಸಲೇಬೇಕಿದ್ದರೆ ನಿಧಾನವಾಗಿ, ಡಾಕ್ಟರು ಹೇಳಿದ ಲೆಕ್ಕದಲ್ಲಿ ಇಳಿಸಬೇಕು.