ಸಹಾಯ ಬೇಕು: ಮೆದುಳಿನ ಸೋಂಕೋ, ಗಡ್ಡೆಯೋ?

ನಾವು ಕೊಪ್ಪದ ಕಡೆಯವರು. ಅತ್ತಿಗೆಗೆ ಜ್ವರ, ತಲೆನೋವು ಬಂದಾಗ ಮಲೆನಾಡಿನ ಎಲ್ಲರಂತೆ ನಾವೂ ಮೊದಲು ಹೆದರಿದ್ದು ಮಂಗನ ಕಾಯಿಲೆಗೆ. ಆ ಪರೀಕ್ಷೆ ನೆಗೆಟಿವ್. ಆಮೇಲೆ ಒಲೆ ಆರಿದ್ದರೂ ಏನೋ ಸೀದ ವಾಸನೆ ಎಂದು ಪದೇ ಪದೇ ಅಡುಗೆಮನೆಗೆ ಹೋಗಿ ನೋಡತೊಡಗಿದರು. ಒಮ್ಮೊಮ್ಮೆ ತುಟಿ ಚಪ್ಪರಿಸುತ್ತಾ ಮಾತೇ ನಿಂತುಹೋಗುತ್ತಿತ್ತು. ಅದೂ ಫಿಟ್ಸ್‌ನ ಒಂದು ಬಗೆ ಎಂದು ಚಿಕ್ಕಮಗಳೂರಿನ ವೈದ್ಯರು ಹೇಳಿದ ಮೇಲೆಯೇ ತಿಳಿದದ್ದು.

ಎಂಆರ್‌ಐನಲ್ಲಿ ಮಿದುಳಿನ ಬಲಗಡೆ ಟೆಂಪೊರಲ್ ಭಾಗದಲ್ಲಿ (ಕಿವಿಯ ಬಳಿಯ ಭಾಗ) ಊತ ಕಂಡಿತು. ಹರ್ಪಿಸ್ ವೈರಸ್‌ನ ಮಿದುಳಿನ ಉರಿಯೂತ ಇರಬಹುದೆಂದು ವರದಿಗೆ ಕಾಯದೆ ಆ ವೈರಸ್ ತಡೆಯುವ ಅಸೈಕ್ಲೋವಿರ್ ಔಷಧಿಯ ಡ್ರಿಪ್ ಹಾಕಿದರು; ಅದು ಸರಿಯಾದ ಕ್ರಮವೇ. ಬೆನ್ನಿನಿಂದ ನೀರು ತೆಗೆದು ಆ ವೈರಸ್‌ಗಾಗಿ ಮಾಡಿದ ಪಿಸಿಆರ್ ಪರೀಕ್ಷೆ ನೆಗೆಟಿವ್. ಕಾಯಿಲೆಯ ಮೊದಲ 72 ಗಂಟೆಗಳಲ್ಲಿ ವೈರಸ್ ಇದ್ದರೂ ಸಿಗದೆ ಹೋಗಬಹುದಂತೆ, ಹಾಗಾಗಿ ಮತ್ತೆ ಮಾಡಿದರು. ಅದೂ ನೆಗೆಟಿವ್. 21 ದಿನಗಳ ಔಷಧಿ ಮುಗಿದಿದೆ, ಜ್ವರ ಇಲ್ಲ, ಊತ ಮಾತ್ರ ಇನ್ನಷ್ಟು ಹರಡಿದೆ.

ಈಗ ಗ್ಲಿಯೊಮಟೋಸಿಸ್ ಸೆರೆಬ್ರಿ ಎಂಬ, ಒಂದೆಡೆ ಗಂಟು ಕಟ್ಟದೆ ಬೇರಿನಂತೆ ಹಬ್ಬುವ ಅಪರೂಪದ ಗಡ್ಡೆಯ ಅನುಮಾನ. ಮಿದುಳಿನ ರಾಸಾಯನಿಕಗಳನ್ನು ಅಳೆಯುವ ಸ್ಪೆಕ್ಟ್ರೋಸ್ಕೋಪಿ ಸ್ಕ್ಯಾನ್‌ನಲ್ಲಿ ಕೋಲಿನ್ (ಜೀವಕೋಶ ಬೆಳೆಯುತ್ತಿರುವುದರ ಸೂಚಕ) ಹೆಚ್ಚಿದೆ, ಎನ್‌ಎಎ (ಆರೋಗ್ಯವಂತ ನರಕೋಶಗಳ ಸೂಚಕ) ತಗ್ಗಿದೆ; ಇದು ಗಡ್ಡೆಯ ಕಡೆ ಬೊಟ್ಟು ಮಾಡಿದರೂ ಉರಿಯೂತದಲ್ಲೂ ಹೀಗಾಗಬಹುದಂತೆ. ಒಬ್ಬ ವೈದ್ಯರು ಕೂಡಲೇ ಬಯಾಪ್ಸಿ (ತಲೆಬುರುಡೆಗೆ ರಂಧ್ರ ಮಾಡಿ ಊತದ ಚೂರು ತೆಗೆದು ಪರೀಕ್ಷಿಸುವುದು) ಎನ್ನುತ್ತಾರೆ. ಇನ್ನೊಬ್ಬರು ಆಟೋಇಮ್ಯೂನ್ ಪ್ರತಿಕಾಯಗಳ (ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳಿನ ಮೇಲೆ ತಿರುಗಿಬಿದ್ದಿದೆಯೇ ಎಂದು ತಿಳಿಸುವ) ಪರೀಕ್ಷೆ ಮಾಡಿಸಿ, ಮತ್ತೊಂದು ಸ್ಕ್ಯಾನ್ ನೋಡೋಣ ಎನ್ನುತ್ತಾರೆ. ತಲೆಬುರುಡೆಗೆ ರಂಧ್ರ ಎಂದೊಡನೆ ಅಣ್ಣನ ಕೈಕಾಲೇ ಆಡುತ್ತಿಲ್ಲ.

ಇಂಥ ಸ್ಥಿತಿ ಕಂಡವರು ಅಥವಾ ನರರೋಗ ವಿಭಾಗದಲ್ಲಿರುವವರು ದಯವಿಟ್ಟು ತಿಳಿಸಿ: ಎರಡು ಪಿಸಿಆರ್ ನೆಗೆಟಿವ್ ಬಂದು ಊತ ಬೆಳೆಯುತ್ತಿರುವಾಗ ನೇರ ಬಯಾಪ್ಸಿಗೆ ಹೋಗಬೇಕೇ, ಪ್ರತಿಕಾಯಗಳ ವರದಿಗೆ ಕಾಯಬಹುದೇ? ನಿಮ್ಹಾನ್ಸ್‌ಗೆ ಹೋಗುವಾಗ ಸ್ಕ್ಯಾನ್ ಸಿಡಿಗಳ ಜೊತೆ ಇನ್ನೇನು ಒಯ್ಯಬೇಕು?