‘ಅಂದಾಜು’ ಎರಡು ಸಲ ಬಂದರೆ ಏನು ಮಾಡೋದು?

ಎಲ್ಲರಿಗೂ ನಮಸ್ಕಾರ.

ಒಂದು ಪದದಲ್ಲಿ ಸಿಕ್ಕಿಕೊಂಡಿದ್ದೇನೆ, ಬಿಡಿಸಿಕೊಡಿ. ನನ್ನ ಸೋದರಳಿಯ ಹೊಳೆಗಳ ನೆರೆ ಲೆಕ್ಕ ಹಾಕುವ ಕೆಲಸದಲ್ಲಿದ್ದಾನೆ. “ಮಾವ, ಈ ಎರಡು ಪುಟ ಇಂಗ್ಲಿಷನ್ನು ನಮ್ಮೂರಿನವರು ಓದೋ ಹಾಗೆ ಕನ್ನಡ ಮಾಡಿಕೊಡಿ” ಅಂದ. ಒಪ್ಪಿಕೊಂಡೆ. ತಲೆಬರಹ ದಾಟುವುದಕ್ಕೇ ಆಗಿಲ್ಲ.

ಅದರಲ್ಲಿ ಎರಡು ಮಾತಿವೆ. ಹೊಳೆಯಲ್ಲಿ ಎಷ್ಟು ನೆರೆ ಬರಬಹುದು ಅಂತ ಲೆಕ್ಕ ಹಾಕುವುದು ಒಂದು. ಆ ನೀರು ಎಲ್ಲಿಯವರೆಗೆ ಹತ್ತಬಹುದು ಅಂತ, ಪೂರ್ತಿ ಸರ್ವೆ ಇಲ್ಲದೆ, ನಕ್ಷೆಯ ಮೇಲೆ ಗೆರೆ ಎಳೆಯುವುದು ಇನ್ನೊಂದು. ಇಂಗ್ಲಿಷಿನಲ್ಲಿ ಎರಡಕ್ಕೂ ಬೇರೆ ಬೇರೆ ಪದ, ಮೊದಲನೆಯದು ‘ಎಸ್ಟಿಮೇಟ್’, ಎರಡನೆಯದು ‘ಅಪ್ರಾಕ್ಸಿಮೇಟ್’. ನನ್ನ ಕೈಗೆ ಎರಡು ಸಲವೂ ಬಂದದ್ದು ‘ಅಂದಾಜು’. “ಅಂದಾಜು ನೆರೆ ನಕ್ಷೆಗಾಗಿ ನೆರೆ ಹರಿವಿನ ಅಂದಾಜು”. ನಗು ಬರುತ್ತೆ, ಅಲ್ವಾ?

ಮೊದಲನೆಯದಕ್ಕೆ ‘ಅಂದಾಜು’ ಸರಿ ಅನಿಸುತ್ತೆ. ಚಿಕ್ಕಮಗಳೂರಿನಲ್ಲಿ ಈ ಪದಕ್ಕೆ ಮರ್ಯಾದೆ ಇದೆ. ಕಾಫಿ ಗಿಡ ಹೂಬಿಡಿಸುವ ಹೂಮಳೆ ಆದಮೇಲೆ ಒಂದು ಸಲ, ಮುಂಗಾರು ಮುಗಿದಮೇಲೆ ಇನ್ನೊಂದು ಸಲ ಕಾಫಿ ಮಂಡಳಿ ಫಸಲಿನ ಅಂದಾಜು ಕೊಡುತ್ತೆ. ಅದನ್ನು ಯಾರೂ ಸುಮ್ನೆ ಹೇಳಿದ್ದು ಅನ್ನೋದಿಲ್ಲ. ನೆರೆಯದೂ ಹಾಗೇ. ಸಣ್ಣ ಹಳ್ಳಗಳಿಗೆ ನೀರು ಅಳೆಯುವ ಮಾಪಕ ಎಲ್ಲಿರುತ್ತೆ? ಮಳೆ, ನೀರು ಬಂದು ಸೇರುವ ಜಾಗದ ವಿಸ್ತೀರ್ಣ, ಇಷ್ಟರಿಂದಲೇ ಲೆಕ್ಕ. ನಮ್ಮ ತೋಟಗಳಲ್ಲಿ ಮಳೆಯನ್ನು ಇನ್ನೂ ಇಂಚು, ಸೆಂಟಿನಲ್ಲೇ ಬರೆದಿಡುತ್ತಾರೆ, 100 ಸೆಂಟ್‌ಗೆ ಒಂದು ಇಂಚು. ಒಂದು ಎಕರೆ ಮೇಲೆ ಗಂಟೆಗೆ ಒಂದು ಇಂಚು ಮಳೆ ಬಿದ್ದು, ಒಂದು ಹನಿಯೂ ಇಂಗದೆ ಹರಿದರೆ ಹೆಚ್ಚು ಕಡಿಮೆ ಒಂದು ಕ್ಯೂಸೆಕ್, ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು! ಇದನ್ನು ಹೇಳಿದಾಗ ತೋಟದವರ ಮುಖ ಅರಳಿತು. ಆದರೆ ಹೊಳೆ ದೊಡ್ಡದಾದಂತೆ ಈ ಗುಣಾಕಾರ ನಡೆಯೋದಿಲ್ಲ. ಇಡೀ ಕೊಳ್ಳಕ್ಕೆ ಒಂದೇ ಹೊತ್ತಿಗೆ ಜೋರು ಮಳೆ ಬರೋದಿಲ್ಲವಲ್ಲ. ದಕ್ಷಿಣ ಭಾರತದಲ್ಲಿ ಬಳಸುವ ಹಳೆಯ ರೈವ್ಸ್ ಸೂತ್ರದಲ್ಲಿ ನೀರು ಬಂದು ಸೇರುವ ಜಾಗ 8 ಪಟ್ಟಾದರೆ ನೆರೆ 4 ಪಟ್ಟು ಮಾತ್ರ.

ತೊಡಕು ಎರಡನೆಯದರಲ್ಲಿ. ‘ಅಂದಾಜು ನಕ್ಷೆ’ ಅಂತ ಓದಿ ತೋರಿಸಿದೆ. ಪಕ್ಕದ ಗದ್ದೆಯ ಹಿರಿಯರು, “ಅಂದಾಜಿಗೆ ಗೆರೆ ಎಳೆದು ನನ್ನ ಗದ್ದೆ ಮುಳುಗಿಸ್ತೀಯೇನಯ್ಯ?” ಅಂದುಬಿಟ್ಟರು. ‘ಸುಮಾರು ನಕ್ಷೆ’ ಅಂದರೆ ಇನ್ನೂ ಕೆಟ್ಟದ್ದು. “ಊಟ ಹೇಗಿತ್ತು?” “ಸುಮಾರು” ಅಂತೀವಲ್ಲ, ಹಾಗಾಗುತ್ತೆ. ‘ಕರಡು’ ಅಂದರೆ ಮುಂದೆ ಪಕ್ಕಾ ಪ್ರತಿ ಬರುತ್ತೆ ಅಂತ ಕಾಯುತ್ತಾರೆ. ‘ಸ್ಥೂಲ’ ತಪ್ಪಲ್ಲ, ಆದರೆ ನಮ್ಮ ಕಡೆ ಬಾಯಲ್ಲಿ ಬರೋ ಪದ ಅಲ್ಲ. ಅಮೆರಿಕದಲ್ಲಿ ಇಂಥ ಜಾಗಕ್ಕೆ ಬರೀ ‘ಎ ವಲಯ’ ಅಂತ ಅಕ್ಷರ ಹಾಕುತ್ತಾರೆ. ನೀರು ಎಷ್ಟು ಎತ್ತರಕ್ಕೆ ಬರುತ್ತೆ ಅನ್ನೋ ಮಟ್ಟವನ್ನು ಅಲ್ಲಿ ಕೊಟ್ಟಿರೋದಿಲ್ಲ. ಹಾಗಾಗಿ ನಾನು ‘ನೀರ್ಮಟ್ಟ ಕೊಡದ ನಕ್ಷೆ’ ಅಂತ ಬರೆದಿದ್ದೇನೆ. ಇರೋದನ್ನು ಹೇಳೋ ಬದಲು ಇಲ್ಲದ್ದನ್ನು ಹೇಳೋದು ಪದಕ್ಕೆ ಒಳ್ಳೆಯದೋ ಕೆಟ್ಟದ್ದೋ, ನೀವೇ ಹೇಳಿ.

ನೆರೆ ಬಂದಾಗ ಹೊಳೆ ನೀರು ಹರಡುವ ಜಾಗಕ್ಕೆ ಹಾಕಿದ ‘ನೆರೆ ಬಯಲು’ ಕೂಡ ಕೈಕೊಟ್ಟಿತು. ಕೇಳಿದವರಿಗೆ ಅದು ಪಕ್ಕದವರ ಬಯಲು! ನೆರೆಹೊರೆಯ ನೆರೆ. ಆಗ ಅದೇ ಹಿರಿಯರು ‘ಹೊಳೆ ಹತ್ತೋ ಗದ್ದೆ’ ಅಂದರು. ಚೆನ್ನಾಗಿದೆ. ಆದರೆ ಅಲ್ಲಿ ಮನೆ, ತೋಟ, ಬಸ್ ನಿಲ್ದಾಣ ಇದ್ದರೆ? ‘ಹೊಳೆ ಹತ್ತುವ ನೆಲ’ ಅಂತ ಮಾಡಿಕೊಂಡಿದ್ದೇನೆ.

ಇನ್ನು ‘ಜಿಲ್ಲಾವಾರು’ ಇದ್ದ ಹಾಗೆ ‘ಹೊಳೆವಾರು’ ಅನ್ನಬಹುದಾ? ಇಲ್ಲಿ ಜಿಲ್ಲೆ ಹಿಡಿದು ಲೆಕ್ಕ ಹಾಕಿದರೆ ಕೆಟ್ಟಿತು. ಬಾಬಾಬುಡನ್‌ಗಿರಿಯಲ್ಲಿ ಹುಟ್ಟುವ ಯಗಚಿ ಹೇಮಾವತಿ ಸೇರಿ ಕಾವೇರಿಗೆ ಹೋಗುತ್ತೆ. ಅದೇ ಬೆಟ್ಟಸಾಲಿನ ವೇದಾವತಿ ತುಂಗಭದ್ರಾ ಸೇರಿ ಕೃಷ್ಣೆಗೆ.

ಶೃಂಗೇರಿ, ಕಳಸ, ಸಕಲೇಶಪುರದ ಕಡೆಯವರು ಇದ್ದರೆ ಒಂದು ಪ್ರಶ್ನೆ. ಮಳೆಗಾಲದಲ್ಲಿ ಹೊಳೆ ಬಂದು ಹೋಗುವ ಜಾಗಕ್ಕೆ ನಿಮ್ಮ ಮನೆಯ ಹಿರಿಯರು ಏನಂತಾರೆ? ಒಂದೇ ಪದ ಇದ್ದರೆ ದಯವಿಟ್ಟು ಬರೆಯಿರಿ. ಅಳಿಯ ಭಾನುವಾರ ಬರುತ್ತಾನೆ.